ರೈಲಿಲ್ಲದ ಕೊಡಗಿನಲ್ಲಿ ರೈಲು ಎಂಜಿನ್ ಮಾಡೋಣ

ಕೊಡಗು ಜಿಲ್ಲೆಯಲ್ಲಿ ಒಂದೇ ಒಂದು ರೈಲು ನಿಲ್ದಾಣ ಇಲ್ಲ. ಮಡಿಕೇರಿಯವರು ರೈಲು ಹಿಡಿಯಬೇಕಾದರೆ ಸುಮಾರು 120 ಕಿ.ಮೀ. ಬಸ್ಸಲ್ಲಿ ಕೂತು ಮೈಸೂರಿಗೆ ಹೋಗಬೇಕು. ಹಾಗಿರುವಾಗ ನಿನಗೆ ಈ ಹುಚ್ಚು ಎಲ್ಲಿಂದ ಹತ್ತಿತು ಅಂತ ಮನೆಯಲ್ಲಿ ಕೇಳುತ್ತಲೇ ಇರುತ್ತಾರೆ. ಮಳೆಗಾಲದಲ್ಲಿ ನಾಲ್ಕು ತಿಂಗಳು ಹೊರಗೆ ಕಾಲಿಡಲಾಗದ ಊರಲ್ಲಿ ಕೈಗೆ ಏನಾದರೂ ಕೆಲಸ ಬೇಕಲ್ವಾ? ನಾನು ಹಿತ್ತಾಳೆ ತಗಡಿನಲ್ಲಿ ಡೀಸೆಲ್ ರೈಲು ಎಂಜಿನ್ನಿನ ಒಂದು ಪುಟ್ಟ ಮಾಡೆಲ್ ಮಾಡಿದೆ. ಮುಗಿಯಲು ಮೂರು ಮಳೆಗಾಲ ಹಿಡಿಯಿತು. ಅದರಲ್ಲಿ ಒಂದು ಪೂರ್ತಿ ದಂಡ. ಕಾರಣ ಇಷ್ಟೇ: ಎಲ್ಲರಂತೆ ನಾನೂ ಮೊದಲು ಬಾಡಿ ಮಾಡಿದೆ. ಚೆಂದ ಬಂತು. ಆಮೇಲೆ ಮೋಟಾರ್ ತಂದು ನೋಡಿದರೆ ಒಳಗೆ ಹೋಗಲಿಲ್ಲ.

ಆದ್ದರಿಂದ ಈ ಲೇಖನದ ಕ್ರಮ ಉಲ್ಟಾ. ಮೊದಲು ಗಾಲಿ, ಆಮೇಲೆ ಮೋಟಾರ್, ಅದು ಓಡಿದ ಮೇಲೆ ಬಾಡಿ.

ಯಾವ ಎಂಜಿನ್, ಎಷ್ಟು ದೊಡ್ಡದು

ಉಗಿ ಎಂಜಿನ್ ನೋಡಲು ಸೊಗಸು. ಆದರೆ ಮೊದಲ ಪ್ರಯತ್ನಕ್ಕೆ ಬೇಡ. ಗಾಲಿಗಳನ್ನು ಜೋಡಿಸುವ ರಾಡುಗಳು ಎರಡು ಬದಿಯಲ್ಲೂ ಸರಿಯಾದ ಕೋನದಲ್ಲಿ ಕೂರದಿದ್ದರೆ ಅದು ಕುಂಟುತ್ತದೆ. ಡೀಸೆಲ್ ಎಂಜಿನ್ ಅಂದರೆ ಮೇಲೊಂದು ಪೆಟ್ಟಿಗೆ, ಕೆಳಗೆ ಗಾಲಿ. ನಾನು ಆರಿಸಿದ್ದು ಡಬ್ಲ್ಯೂಡಿಎಂ-2. ಹೆಸರಿನಲ್ಲಿ ಡಬ್ಲ್ಯೂ ಅಂದರೆ ಬ್ರಾಡ್‌ಗೇಜ್, ಡಿ ಅಂದರೆ ಡೀಸೆಲ್, ಎಂ ಅಂದರೆ ಗೂಡ್ಸಿಗೂ ಪ್ರಯಾಣಿಕರ ಗಾಡಿಗೂ ಸಲ್ಲುವುದು. ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸ. 1962ರಲ್ಲಿ ಮೊದಲು ಬಂದವು, ಆಮೇಲೆ ವಾರಾಣಸಿಯ ಕಾರ್ಖಾನೆಯಲ್ಲೇ ಸಾವಿರಾರು ತಯಾರಾದವು. 2600 ಅಶ್ವಶಕ್ತಿ. ನಲವತ್ತು ದಾಟಿದವರೆಲ್ಲ ಇದು ಎಳೆದ ಗಾಡಿಯಲ್ಲಿ ಕೂತೇ ಇರುತ್ತೀರಿ.

ಮಾಡೆಲ್ ರೈಲಿನಲ್ಲಿ ಹೆಚ್ಚು ಜನ ಬಳಸುವ ಅಳತೆ ಎಚ್‌ಓ. ಅಂದರೆ ಅಸಲಿನ 87ರಲ್ಲಿ ಒಂದು ಪಾಲು. ಭಾಗಿಸಿ ನೋಡಿ: 17,120 ಮಿ.ಮೀ. ಉದ್ದದ ಎಂಜಿನ್ 197 ಮಿ.ಮೀ. ಆಗುತ್ತದೆ. ಅಗಲ 33, ಎತ್ತರ 48. ಗಾಲಿಯ ವ್ಯಾಸ 1092 ಇದ್ದದ್ದು ಹನ್ನೆರಡೂವರೆ. ಅಂಗೈಯಲ್ಲಿ ಹಿಡಿಯುವಷ್ಟು.

ಇಲ್ಲೊಂದು ಸಣ್ಣ ಕಿರಿಕಿರಿ ಇದೆ. ಅಂಗಡಿಯಲ್ಲಿ ಸಿಗುವ ಎಚ್‌ಓ ಹಳಿಯ ಅಗಲ 16.5 ಮಿ.ಮೀ. ಅದು ವಿದೇಶದ 1435 ಮಿ.ಮೀ. ಹಳಿಯ ಲೆಕ್ಕ. ನಮ್ಮ ಬ್ರಾಡ್‌ಗೇಜ್ 1676 ಮಿ.ಮೀ. ಸರಿಯಾಗಿ ಇಳಿಸಿದರೆ 19.26 ಬರಬೇಕು. ಅಂದರೆ ನಮ್ಮ ಎಂಜಿನ್ ಸುಮಾರು ಮೂರು ಮಿ.ಮೀ. ಕಿರಿದಾದ ಹಳಿಯ ಮೇಲೆ ನಿಲ್ಲುತ್ತದೆ. ಹಟವಾದಿಗಳು ಹಳಿಯನ್ನೂ ಕೈಯಲ್ಲೇ ಮಾಡುತ್ತಾರೆ. ನಾನು ಮಾಡಲಿಲ್ಲ. ಮನೆಗೆ ಬಂದ ಯಾರೂ ಇದುವರೆಗೆ ಕಂಡುಹಿಡಿದಿಲ್ಲ.

ಸಾಮಾನು: ಲೇತ್ ಬೇಡ, ಗರಗಸ ಬೇಕು

ಹೊಸಬರು ಮೊದಲು ಕೇಳುವುದೇ ಲೇತ್, ಅಂದರೆ ಲೋಹವನ್ನು ತಿರುಗಿಸಿ ಕಡೆಯುವ ಯಂತ್ರದ ಬಗ್ಗೆ. ಬೇಡ. ಗಾಲಿಯನ್ನು ರೆಡಿ ತರಿಸಿದರೆ ಈ ಎಂಜಿನ್ನಿಗೆ ಲೇತಿನ ಕೆಲಸವೇ ಇಲ್ಲ. ಆ ದುಡ್ಡಲ್ಲಿ ಒಳ್ಳೆಯ ಕೈ ಸಾಮಾನು ತೆಗೆದುಕೊಳ್ಳಿ: ಆರು ಇಂಚಿನ ಸ್ಟೀಲ್ ಸ್ಕೇಲ್, ಡಿಜಿಟಲ್ ಕ್ಯಾಲಿಪರ್, ಸಣ್ಣ ಮೂಲೆಮಟ್ಟ, ಗೀಟು ಹಾಕುವ ಉಕ್ಕಿನ ಮೊಳೆ, ಸಣ್ಣ ವೈಸ್, ಸೂಜಿ ಅರಗಳ ಒಂದು ಸೆಟ್, ಬೆರಳಲ್ಲಿ ತಿರುಗಿಸುವ ಪುಟ್ಟ ಡ್ರಿಲ್, ಚಿಮಟ, ಮಲ್ಟಿಮೀಟರ್, 60ರಿಂದ 80 ವ್ಯಾಟಿನ ಸೋಲ್ಡರಿಂಗ್ ಐರನ್. ಇವುಗಳ ಜೊತೆಗೆ ಅಕ್ಕಸಾಲಿಗರ ಗರಗಸ.

ಈ ಗರಗಸದ ಬಗ್ಗೆ ಸ್ವಲ್ಪ ಹೇಳಲೇಬೇಕು. ಬಿಲ್ಲಿನ ಹಾಗೆ ಒಂದು ಚೌಕಟ್ಟು, ಅದಕ್ಕೆ ಕುದುರೆ ಕೂದಲಿನಷ್ಟು ತೆಳು ಬ್ಲೇಡ್. ಮೊದಲ ದಿನ ನಾನು ಹನ್ನೊಂದು ಬ್ಲೇಡ್ ಮುರಿದೆ. ಕೊನೆಗೆ ವಿರಾಜಪೇಟೆಯಲ್ಲಿ ಪರಿಚಯದ ಒಬ್ಬ ಅಕ್ಕಸಾಲಿಗರ ಹತ್ತಿರ ಹೋಗಿ ಕೂತೆ. ಅವರು ನಾನು ಕೊಯ್ಯುವುದನ್ನು ಎರಡು ನಿಮಿಷ ನೋಡಿ, "ಯಾಕೆ ಅದರ ಜೊತೆ ಜಗಳ ಮಾರಾಯ್ರೇ? ನೀವು ತಳ್ಳಬೇಡಿ. ಸುಮ್ನೆ ಮೇಲೆ ಕೆಳಗೆ ಆಡಿಸಿ, ಅದೇ ದಾರಿ ಮಾಡಿಕೊಳ್ಳುತ್ತದೆ" ಅಂದರು. ಅಷ್ಟೇ ಗುಟ್ಟು. ಬ್ಲೇಡಿನ ಹಲ್ಲು ಹಿಡಿಯ ಕಡೆಗೆ, ಕೆಳಮುಖವಾಗಿರಬೇಕು. ಬೆರಳಲ್ಲಿ ಮೀಟಿದರೆ ತಂತಿಯಂತೆ ಟಿಣ್ ಅನ್ನಬೇಕು. ಆಗಾಗ ಮೇಣದಬತ್ತಿಗೆ ಒಮ್ಮೆ ಉಜ್ಜಿ. ತಗಡನ್ನು ಮೇಜಿನ ಅಂಚಿಗೆ ಬಿಗಿದ, ನಡುವೆ ವಿ ಆಕಾರದಲ್ಲಿ ಕೊಯ್ದ ಹಲಗೆಯ ಮೇಲಿಟ್ಟು ಕೊಯ್ಯಿರಿ. ತಿರುವಿನಲ್ಲಿ ಗರಗಸ ತಿರುಗಿಸಬೇಡಿ, ಗರಗಸ ಆಡುತ್ತಿರುವಾಗಲೇ ತಗಡನ್ನು ತಿರುಗಿಸಿ.

ನಮ್ಮ ಊರಲ್ಲಿ ಸಾಮಾನಿನ ದೊಡ್ಡ ಶತ್ರು ತುಕ್ಕು. ಜುಲೈನಲ್ಲಿ ಅರವನ್ನು ಮೇಜಿನ ಮೇಲೆ ಬಿಟ್ಟು ಮಲಗಿದರೆ ಬೆಳಿಗ್ಗೆ ಕೆಂಪು ಪುಡಿ. ಕೋವಿಗೆ ಹಾಕುವ ಎಣ್ಣೆ ಎಷ್ಟೋ ಮನೆಗಳಲ್ಲಿ ಇದ್ದೇ ಇರುತ್ತದೆ. ಅದನ್ನೇ ಬಟ್ಟೆಗೆ ಸವರಿ ಸ್ಕೇಲು, ಗರಗಸ ಒರೆಸಿ. ಅರಗಳಿಗೆ ಮಾತ್ರ ಎಣ್ಣೆ ಬೇಡ, ಜಾರುತ್ತವೆ. ಅವನ್ನು ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತದ ದಿನ ಕೋವಿ, ಕತ್ತಿ ಪೂಜೆಗೆ ಇಟ್ಟಾಗ ನನ್ನ ಗರಗಸವೂ ಒಂದು ಮೂಲೆಯಲ್ಲಿ ಕೂರುತ್ತದೆ. ಹಿರಿಯರು ನೋಡಿಯೂ ನೋಡದ ಹಾಗೆ ಇರುತ್ತಾರೆ.

ಗಾಲಿ ಮತ್ತು ಮೋಟಾರ್

ಈ ಎಂಜಿನ್ನಿಗೆ ಆರು ಆಕ್ಸಲ್, ಅಂದರೆ ಆರು ಜೋಡಿ ಗಾಲಿ. ಮೂರು ಮೂರರಂತೆ ಎರಡು ಚೌಕಟ್ಟು. ರೈಲ್ವೆಯವರು ಈ ಚೌಕಟ್ಟಿಗೇ ಬೋಗಿ ಅನ್ನುತ್ತಾರೆ. ನಾವು ಡಬ್ಬಿಗೆ ಬೋಗಿ ಅಂದು ಅಂದು ರೂಢಿ ಮಾಡಿಕೊಂಡಿದ್ದೇವೆ. ಅಸಲಿ ಎಂಜಿನ್ನಿನ ಫೋಟೋ ಪಕ್ಕದಿಂದ ನೋಡಿ: ಮೂರು ಆಕ್ಸಲ್‌ಗಳ ನಡುವಿನ ಅಂತರ ಸಮ ಇಲ್ಲ. ಒಂದು ಕಡೆ ಜಾಸ್ತಿ, ಒಂದು ಕಡೆ ಕಡಿಮೆ. ಸಮ ಮಾಡಿಬಿಟ್ಟರೆ ಎಂಜಿನ್ ಓಡುತ್ತದೆ, ಆದರೆ ಮುಖ ಬೇರೆಯವರದ್ದಾಗುತ್ತದೆ.

ಬೋಗಿಗೆ 1 ಮಿ.ಮೀ. ದಪ್ಪದ ಹಿತ್ತಾಳೆ ಪಟ್ಟಿ ಎರಡು ಬೇಕು. ಇವನ್ನು ಬೇರೆ ಬೇರೆಯಾಗಿ ಗುರುತು ಹಾಕಿ ತೂತು ಕೊರೆದರೆ ಆಕ್ಸಲ್ ಸೊಟ್ಟ ಕೂರುವುದು ಖಂಡಿತ. ಎರಡನ್ನೂ ಒಂದರ ಮೇಲೊಂದು ಇಟ್ಟು ಎರಡು ತುದಿಯಲ್ಲಿ ಬೆಸುಗೆ ಹಾಕಿ ಅಂಟಿಸಿ. ಗುರುತಿನ ಮೇಲೆ ಸೆಂಟರ್ ಪಂಚ್‌ನಿಂದ ಒಂದು ಚುಕ್ಕೆ ಹೊಡೆದು ಒಟ್ಟಿಗೇ ಕೊರೆಯಿರಿ. ಆಮೇಲೆ ಬಿಸಿ ಮಾಡಿ ಬಿಡಿಸಿ. ನಡುವಿನ ಆಕ್ಸಲ್‌ನ ತೂತನ್ನು ಅರದಲ್ಲಿ ಕೂದಲೆಳೆಯಷ್ಟು ಮೇಲಕ್ಕೆ ಉಜ್ಜಿ. ಆ ಆಕ್ಸಲ್‌ಗೆ ಅಡ್ಡಕ್ಕೂ ಅರ್ಧ ಮಿ.ಮೀ. ಸಡಿಲ ಬಿಡಿ. ಇಲ್ಲವಾದರೆ ತಿರುವಿನಲ್ಲಿ ಮೂರು ಗಾಲಿಯಲ್ಲಿ ಒಂದು ಹಳಿ ಬಿಡುತ್ತದೆ. ಗಾಲಿಗಳ ಒಳಮೈಗಳ ನಡುವೆ 14.4 ಮಿ.ಮೀ. ಹತ್ತಿರ ಇರಲಿ. ಕ್ಯಾಲಿಪರ್ ಇರುವುದೇ ಇದಕ್ಕೆ.

ಮೋಟಾರಿಗೆ ಎನ್20 ಎಂಬ ಪುಟ್ಟ ಗೇರ್ ಮೋಟಾರ್ ಸಾಕು. 12 ವೋಲ್ಟಿನದ್ದು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಎಷ್ಟು ವೇಗದ್ದು ಕೊಳ್ಳಬೇಕು? ಅಂದಾಜು ಬೇಡ, ಲೆಕ್ಕ ಹಾಕಿ. ಗಂಟೆಗೆ 60 ಕಿ.ಮೀ. ವೇಗವನ್ನು 87ರಿಂದ ಭಾಗಿಸಿದರೆ ಸೆಕೆಂಡಿಗೆ ಸುಮಾರು 192 ಮಿ.ಮೀ. ನಮ್ಮ ಗಾಲಿ ಒಂದು ಸುತ್ತಿಗೆ 39 ಮಿ.ಮೀ. ಚಿಲ್ಲರೆ ಸಾಗುತ್ತದೆ. ಅಂದರೆ ಸೆಕೆಂಡಿಗೆ ಐದು ಸುತ್ತಿಗೆ ಸ್ವಲ್ಪ ಕಮ್ಮಿ, ನಿಮಿಷಕ್ಕೆ 290ರ ಸುಮಾರು. 300 ಆರ್‌ಪಿಎಂ ಮೋಟಾರ್ ತಂದು ತಿರುಗುವಿಕೆಯನ್ನು ಅಡ್ಡಕ್ಕೆ ಹೊರಳಿಸುವ, ಸಮ ಹಲ್ಲಿನ ಎರಡು ಬೆವೆಲ್ ಗೇರ್‌ಗಳಿಂದ ಆಕ್ಸಲ್‌ಗೆ ಜೋಡಿಸಿದರೆ ಸರಿಹೋಯಿತು. ಮೋಟಾರನ್ನು ಬೋಗಿಯ ಮೇಲೆ ನೆಟ್ಟಗೆ ನಿಲ್ಲಿಸಿ. ಬೋಗಿ ತಿರುಗಿದಾಗ ಮೋಟಾರೂ ಜೊತೆಗೆ ತಿರುಗುತ್ತದೆ. ಅದರ ತಲೆಗೆ ಬೇಕಾದ ಜಾಗವನ್ನು ಈಗಲೇ ಅಳೆದು ಬರೆದಿಡಿ. ನನ್ನ ಮೊದಲ ಬಾಡಿ ಹಾಳಾದದ್ದು ಇಲ್ಲೇ.

ಕರೆಂಟ್ ಹಳಿಯಿಂದಲೇ ಬರಬೇಕು. ಒಂದು ಹಳಿ ಪ್ಲಸ್, ಇನ್ನೊಂದು ಮೈನಸ್. ಹಾಗಾಗಿ ಒಂದು ಬದಿಯ ಗಾಲಿಗೂ ಆಕ್ಸಲ್‌ಗೂ ನಡುವೆ ಕರೆಂಟ್ ದಾಟದ ಪ್ಲಾಸ್ಟಿಕ್ ಬುಷ್ ಇರುವಂಥದ್ದನ್ನೇ ತರಿಸಿ. ಆ ಗಾಲಿಗಳ ಹಿಂಭಾಗಕ್ಕೆ ತೆಳುವಾದ ಫಾಸ್ಫರ್ ಬ್ರಾಂಜ್ ತಂತಿ ಮೆಲ್ಲಗೆ ಒತ್ತಿಕೊಂಡಿರಲಿ. ಇನ್ನೊಂದು ಬದಿಯ ಕರೆಂಟ್ ಚೌಕಟ್ಟಿನಿಂದಲೇ ಸಿಗುತ್ತದೆ. ಸ್ವಿಚ್ ಹಾಕುವ ಮುಂಚೆ ಮಲ್ಟಿಮೀಟರ್ ಇಟ್ಟು ಎರಡು ಬದಿ ಎಲ್ಲೂ ತಾಗುತ್ತಿಲ್ಲ ಅಂತ ನೋಡಿಕೊಳ್ಳಿ. ಅಡಾಪ್ಟರಿನ ಒಂದು ತಂತಿಯಲ್ಲಿ ಬೈಕಿನ 12 ವೋಲ್ಟ್ ಇಂಡಿಕೇಟರ್ ಬಲ್ಬ್ ಸೇರಿಸಿ. ಶಾರ್ಟ್ ಆದರೆ ಬಲ್ಬ್ ಉರಿಯುತ್ತದೆ, ಬೇರೇನೂ ಸುಡುವುದಿಲ್ಲ. ಮಳೆಗಾಲದಲ್ಲಿ ಕರೆಂಟ್ ಇರುವುದಕ್ಕಿಂತ ಹೋಗುವುದೇ ಹೆಚ್ಚು. ಯುಪಿಎಸ್‌ನ ಹಳೆಯ 12 ವೋಲ್ಟ್ ಬ್ಯಾಟರಿ ಇದ್ದರೆ ಕೆಲಸ ನಿಲ್ಲುವುದಿಲ್ಲ. ಆ ಬಲ್ಬ್ ಆಗಲೂ ಇರಲಿ.

ಬೋಗಿ ತಾನಾಗಿ ಹಳಿಯ ಮೇಲೆ ಹಿಂದೆ ಮುಂದೆ ಓಡಿದ ಮೇಲೆಯೇ ಮುಂದಕ್ಕೆ ಹೋಗಿ.

ಬಾಡಿ

0.4 ಮಿ.ಮೀ. ಹಿತ್ತಾಳೆ ತಗಡು ಸಾಕು. ನಕ್ಷೆಯನ್ನು ಪ್ರಿಂಟ್ ತೆಗೆದು ತಗಡಿಗೆ ಅಂಟಿಸಿ ಕೊಯ್ಯಿರಿ ಅಂತ ಎಲ್ಲರೂ ಹೇಳುತ್ತಾರೆ. ಬಯಲುಸೀಮೆಯಲ್ಲಿ ನಡೆಯುತ್ತದೆ. ಇಲ್ಲಿ ಕಾಗದ ನೀರು ಕುಡಿದು ಹಿಗ್ಗುತ್ತದೆ. ಆಷಾಢದಲ್ಲಿ ನಾನು ಅಳೆದಾಗ 197 ಇರಬೇಕಾದ ನಕ್ಷೆ 198 ದಾಟಿತ್ತು. ಅದರ ಬದಲು ತಗಡಿಗೆ ಕಪ್ಪು ಮಾರ್ಕರ್ ಬಳಿದು, ಅದರ ಮೇಲೆ ಉಕ್ಕಿನ ಮೊಳೆಯಲ್ಲಿ ಗೀಟು ಹಾಕಿ. ಗೀಟು ಚಿನ್ನದ ಎಳೆಯಂತೆ ಕಾಣುತ್ತದೆ.

ಕಿಟಕಿ, ತೂತು, ಬಾಗಿಲಿನ ಗೆರೆ ಎಲ್ಲವನ್ನೂ ತಗಡು ಚಪ್ಪಟೆ ಇರುವಾಗಲೇ ಮುಗಿಸಿ. ಮಡಚಿದ ಮೇಲೆ ಒಳಗೆ ಗರಗಸ ಆಡುವುದಿಲ್ಲ. ಮಡಚುವ ಜಾಗದಲ್ಲಿ ಒಳಗಿನಿಂದ ಅರ್ಧ ದಪ್ಪಕ್ಕೆ ಗೀರಿ, ವೈಸಿನಲ್ಲಿ ಎರಡು ಕಬ್ಬಿಣದ ಪಟ್ಟಿಯ ನಡುವೆ ಹಿಡಿದು, ಮರದ ತುಂಡಿನಿಂದ ಒತ್ತಿ ಬಗ್ಗಿಸಿ. ಒಂದೇ ಸಲ. ಹಿಂದಕ್ಕೆ ಬಿಡಿಸಿ ಮತ್ತೆ ಬಗ್ಗಿಸಿದರೆ ಅಲ್ಲೇ ಸೀಳುತ್ತದೆ.

ಬೆಸುಗೆಗೆ ಮುಂಚೆ ಹಿತ್ತಾಳೆ ಚೊಕ್ಕ ಆಗಬೇಕು. ದೇವರ ದೀಪ ತಿಕ್ಕುವ ಹುಣಸೆಹಣ್ಣೇ ಸಾಕು. ಒಮ್ಮೆ ಹುಣಸೆ ಮುಗಿದಿತ್ತು ಅಂತ ಕಾಚಂಪುಳಿ, ಅಂದರೆ ನಮ್ಮ ಕೊಡಗಿನ ಕಪ್ಪು ಹುಳಿ, ಹಾಕಿ ತಿಕ್ಕಿದೆ. ತಗಡು ಹೊಳೆಯಿತು. ಹಂದಿ ಸಾರಿಗೆ ಎತ್ತಿಟ್ಟದ್ದು ಅಂತ ಆಮೇಲೆ ಗೊತ್ತಾಯಿತು. ಆ ವಿಷಯ ಇಲ್ಲಿಗೇ ಬಿಡೋಣ.

60/40 ತವರ-ಸೀಸದ ಬೆಸುಗೆ 183 ಡಿಗ್ರಿಯಲ್ಲಿ ಕರಗಲು ಶುರುವಾಗುತ್ತದೆ. ಅದು ಹೆಚ್ಚೇನಲ್ಲ. ತೊಂದರೆ ಬೇರೆ: ಹಿತ್ತಾಳೆ ಬಿಸಿಯನ್ನು ತಕ್ಷಣ ಆಚೆ ಎಳೆದುಕೊಳ್ಳುತ್ತದೆ. ತಂತಿ ಬೆಸೆಯಲು ಬಳಸುವ 25 ವ್ಯಾಟಿನ ಐರನ್ ಇಟ್ಟರೆ ಬೆಸುಗೆ ಕರಗುವುದರೊಳಗೆ ಇಡೀ ಬಾಡಿ ಕೈ ಸುಡುತ್ತದೆ. ದೊಡ್ಡ ತುದಿಯ ಐರನ್ ಇಟ್ಟು, ಬೇಗ ಮುಗಿಸಿ, ಬೇಗ ತೆಗೆಯಬೇಕು. ಎರಡೂ ಅಂಚಿಗೆ ಮೊದಲೇ ತೆಳುವಾಗಿ ಬೆಸುಗೆ ಸವರಿ, ಬೆಸುಗೆ ಸಲೀಸಾಗಿ ಹರಿಯಲು ಬಳಸುವ ಫ್ಲಕ್ಸ್ ಹಚ್ಚಿ, ಜೋಡಿಸಿ ಬಿಸಿ ಮುಟ್ಟಿಸಿ. ಬೆಸುಗೆ ಸಂದಿಯೊಳಗೆ ಸರ್ರನೆ ಓಡುವುದು ಕಣ್ಣಿಗೇ ಕಾಣುತ್ತದೆ. ಹಿಡಿದುಕೊಳ್ಳಲು ಬಟ್ಟೆಯ ಮರದ ಕ್ಲಿಪ್ ಒಳ್ಳೆಯದು, ಕಬ್ಬಿಣದ್ದು ಬಿಸಿ ನುಂಗುತ್ತದೆ. ಮೊದಲು ಹಾಕಿದ ಬೆಸುಗೆ ಬಿಡದಿರಲು ಅದರ ಮೇಲೆ ಒದ್ದೆ ಹತ್ತಿ ಇಡಿ. ಕಿಟಕಿ ತೆರೆದಿರಲಿ, ಕೈ ತೊಳೆಯದೆ ಏನೂ ತಿನ್ನಬೇಡಿ, ಸೀಸ ಅದು.

ಸಂಜೆ ಎಷ್ಟೇ ಸುಸ್ತಾದರೂ ಫ್ಲಕ್ಸ್ ತೊಳೆಯದೆ ಮಲಗಬೇಡಿ. ಅಡುಗೆ ಸೋಡಾ ನೀರು, ಹಳೆಯ ಟೂತ್‌ಬ್ರಷ್. ಬಿಟ್ಟರೆ ನಾಲ್ಕೇ ದಿನದಲ್ಲಿ ಹಸಿರು ಕಿಲುಬು ಕಟ್ಟುತ್ತದೆ.

ತೂಕದ್ದು ಒಂದು ಮಜಾ ಲೆಕ್ಕ. ಅಸಲಿ ಎಂಜಿನ್ 112.8 ಟನ್. 87ರಿಂದ ಮೂರು ಸಲ ಭಾಗಿಸಿದರೆ 171 ಗ್ರಾಂ. ಆದರೆ ಅಷ್ಟೇ ತೂಕಕ್ಕೆ ಗಾಲಿ ಜಾರುತ್ತದೆ, 220 ಗ್ರಾಂ ಹತ್ತಿರ ಮಾಡಿ. ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ಒಳಗೆ ಅಂಟಿಸಿದರಾಯಿತು. ಮನೆಯಲ್ಲಿ ಕೋವಿ ಇದೆ ಅಂತ ತೋಟೆ ಬಿಚ್ಚಿ ಚರೆ ತೆಗೆಯುವ ಬುದ್ಧಿವಂತಿಕೆ ಮಾತ್ರ ಬೇಡವೇ ಬೇಡ.

ಬಣ್ಣ

ಮಳೆಗಾಲದಲ್ಲಿ ಸ್ಪ್ರೇ ಡಬ್ಬಿ ಮುಟ್ಟಬೇಡಿ. ಗಾಳಿಯ ತೇವ ಬಣ್ಣದ ಮೇಲೆ ಕೂತು ಬಿಳಿ ಮಂಜು ಹಿಡಿದ ಹಾಗೆ ಆಗುತ್ತದೆ. ಹಿತ್ತಾಳೆಗೆ ಮೊದಲು ಎಚ್ಚಿಂಗ್ ಪ್ರೈಮರ್ ಬೇಕು, ಇಲ್ಲವಾದರೆ ಉಗುರು ತಾಗಿದರೆ ಬಣ್ಣ ಏಳುತ್ತದೆ. ಆಮೇಲೆ ತೆಳುವಾಗಿ ಮೂರು ಸಲ. ಇದಕ್ಕೆ ಒಣ ಹವೆ ಸಿಗುವುದು ಡಿಸೆಂಬರಿನಿಂದ ಫೆಬ್ರವರಿವರೆಗೆ. ಕಾಫಿ ಕೊಯ್ಲೂ ಆಗಲೇ. ಹಗಲೆಲ್ಲ ಕಣದಲ್ಲಿ ನಿಂತು, ರಾತ್ರಿ ಬಣ್ಣ ಹೊಡೆಯಲು ಹೋದರೆ ಇಬ್ಬನಿ. ಕೊನೆಗೆ ನಾನು ಕಂಡುಕೊಂಡ ಹೊತ್ತು ಮಧ್ಯಾಹ್ನ ಊಟದ ಅರ್ಧ ಗಂಟೆ. ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಅದರ ಪಕ್ಕದಲ್ಲೇ ಬಿಸಿಲಿಗೆ, ಕೋಳಿ ಬಾರದ ಹಾಗೆ ಬುಟ್ಟಿ ಕವುಚಿಟ್ಟು, ಎಂಜಿನ್ನೂ ಒಣಗುತ್ತದೆ.