ಶೆಪರ್ಡ್ ಹಾರಾಟವನ್ನು ಒಂದು ಹಾಳೆಯಲ್ಲಿ ಬರೆಯುವುದು ಹೇಗೆ

1961ರ ಮೇ 5ರಂದು ಬಾಹ್ಯಾಕಾಶಕ್ಕೆ ಹೋದ ಮೊದಲ ಅಮೆರಿಕನ್ ಅಲನ್ ಶೆಪರ್ಡ್ ಫ್ರೀಡಂ 7 ಎಂಬ ಕ್ಯಾಪ್ಸೂಲ್‌ನಲ್ಲಿ ಹಾರಿದ್ದು ಬರೀ 15 ನಿಮಿಷ. ಮೊದಲು ಒಂದು ಕಮಾನು ಎಳೆಯಿರಿ. ಎಡತುದಿ ರಾಕೆಟ್ ಹಾರಿದ ಜಾಗ, ಫ್ಲಾರಿಡಾದ ಕೇಪ್ ಕೆನವರಲ್; ಬಲತುದಿ ಇಳಿದ ಜಾಗ, ಅಟ್ಲಾಂಟಿಕ್ ಸಾಗರ. ರೆಡ್‌ಸ್ಟೋನ್ ರಾಕೆಟ್ ಉರಿಯುವುದು ಸುಮಾರು 142 ಸೆಕೆಂಡು ಮಾತ್ರ, ಆಮೇಲೆ ಕ್ಯಾಪ್ಸೂಲ್ ಬೇರೆಯಾಗಿ, ತಿರುಗಿ, ಶಾಖ ತಡೆಯುವ ಬೆನ್ನನ್ನು ಮುಂದೆ ಮಾಡಿಕೊಂಡು, ಸುಮ್ನೆ ಎಸೆದ ಕಲ್ಲಿನ ಹಾಗೆ ಮೇಲೇರುತ್ತದೆ. ಕಮಾನಿನ ನೆತ್ತಿ 187 ಕಿ.ಮೀ. ಇಲ್ಲಿ ಜಾಗ ಜಾಸ್ತಿ ಬಿಡಿ. ಸುಮಾರು 5 ನಿಮಿಷ ತೂಕವೇ ಇಲ್ಲದ ಸ್ಥಿತಿ, ಶೆಪರ್ಡ್ ಕೈಯಾರೆ ಕ್ಯಾಪ್ಸೂಲ್ ತಿರುಗಿಸಿದ್ದು, ಎಲ್ಲ ಈ ಭಾಗದಲ್ಲೇ. ವೇಗ ತಗ್ಗಿಸುವ ಮೂರು ರೆಟ್ರೊ ರಾಕೆಟ್ ಉರಿಸಿದ್ದು ಬರೀ ಪರೀಕ್ಷೆಗೆ. ಕಕ್ಷೆಗೇ ಹೋಗದವರಿಗೆ ಇಳಿಯಲು ಅದು ಬೇಕಿಲ್ಲ ಅಲ್ವಾ? ಇಳಿಯುವಾಗ 11 ಜಿ ಒತ್ತಡ, ಅಂದರೆ ಮೈತೂಕ 11 ಪಟ್ಟು ಆದ ಹಾಗೆ. ಆಮೇಲೆ ಸಣ್ಣ ಪ್ಯಾರಾಶೂಟ್, ದೊಡ್ಡದು, ಸಮುದ್ರ, ಹೆಲಿಕಾಪ್ಟರ್.