ಮೈಟೊಕಾಂಡ್ರಿಯಾ ರೋಗದ ಶಂಕೆಯಿದ್ದಾಗ ವಂಶವೃಕ್ಷ ಬರೆದುಕೊಳ್ಳುವ ಕ್ರಮ

ಮೈಟೊಕಾಂಡ್ರಿಯಾದ ದೋಷದಿಂದ ಬರುವ ಆನುವಂಶಿಕ ಚಯಾಪಚಯ ರೋಗವಿರಬಹುದೆಂಬ ಶಂಕೆಯಿಂದ ರೋಗಿಯನ್ನು ತಳಿವಿಜ್ಞಾನ ತಜ್ಞರ ಬಳಿ ಕಳುಹಿಸಿದಾಗ, ಅಲ್ಲಿ ಮೊದಲು ಕೇಳುವುದು ಕುಟುಂಬದವರ ಆರೋಗ್ಯದ ವಿವರಗಳನ್ನು. ಅವನ್ನೆಲ್ಲ ಅಲ್ಲೇ ಕುಳಿತು ನೆನಪಿನಿಂದ ಹೇಳಹೊರಟರೆ ಮುಖ್ಯವಾದುದೇ ಬಿಟ್ಟುಹೋಗುತ್ತದೆ. ಆದ್ದರಿಂದ ಮೂರು ತಲೆಮಾರಿನ ವಂಶವೃಕ್ಷವನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾಗಳಿಗೆ ತಮ್ಮದೇ ಆದ ಪುಟ್ಟ ಡಿಎನ್‌ಎ ಇದೆ. 1981ರಲ್ಲಿ ಪೂರ್ತಿಯಾಗಿ ಓದಲಾದ ಈ ಡಿಎನ್‌ಎಯಲ್ಲಿ 16,569 ರಾಸಾಯನಿಕ ಅಕ್ಷರಜೋಡಿಗಳೂ 37 ಜೀನ್‌ಗಳೂ ಇವೆ. ಅವುಗಳಲ್ಲಿ ಪ್ರೋಟೀನ್ ತಯಾರಿಸುವವು 13 ಮಾತ್ರ. ಮೈಟೊಕಾಂಡ್ರಿಯಾಕ್ಕೆ ಬೇಕಾದ ಇನ್ನುಳಿದ ಸಾವಿರಕ್ಕೂ ಹೆಚ್ಚು ಪ್ರೋಟೀನ್‌ಗಳ ಜೀನ್‌ಗಳು ಕೋಶಕೇಂದ್ರದಲ್ಲಿವೆ. ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯ ಅಂಡಾಣುವಿನಿಂದ ಬರುತ್ತದೆ, ಕೋಶಕೇಂದ್ರದ ಡಿಎನ್‌ಎ ತಂದೆತಾಯಿ ಇಬ್ಬರಿಂದಲೂ ಬರುತ್ತದೆ. 1988ರಲ್ಲಿ ಅಮೆರಿಕದ ತಳಿವಿಜ್ಞಾನಿ ಡಗ್ಲಾಸ್ ವಾಲೇಸ್ ಅವರ ತಂಡವು, ಕಣ್ಣಿನ ನರ ಹಾಳಾಗಿ ದೃಷ್ಟಿ ಕುಂದುವ ಲೀಬರ್ ದೃಷ್ಟಿನರ ರೋಗಕ್ಕೆ ಮೈಟೊಕಾಂಡ್ರಿಯಾ ಡಿಎನ್‌ಎಯ ಒಂದೇ ಒಂದು ಅಕ್ಷರದ ಬದಲಾವಣೆ ಕಾರಣವೆಂದು ತೋರಿಸಿತು. ತಾಯಿಯ ಸಾಲಿನಲ್ಲಿ ಇಳಿದುಬರುವ ರೋಗಗಳಿಗೆ ಅಣುಮಟ್ಟದ ವಿವರಣೆ ಆಗ ಸಿಕ್ಕಿತು. ನಿಮ್ಮ ಕುಟುಂಬದಲ್ಲಿ ರೋಗ ಯಾವ ದಾರಿಯಿಂದ ಬಂದಿರಬಹುದೆಂಬ ಸುಳಿವನ್ನು ಒದಗಿಸುವುದೇ ಈ ವಂಶವೃಕ್ಷದ ಕೆಲಸ.

ದೊಡ್ಡ ಹಾಳೆಯನ್ನು ಅಡ್ಡಲಾಗಿ ಇಟ್ಟುಕೊಂಡು ಪೆನ್ಸಿಲ್‌ನಿಂದ ಬರೆಯಿರಿ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಕಾಯಿಲೆ ಇದ್ದವರ ಗುರುತನ್ನು ಒಳಗೆ ತುಂಬಬೇಕು, ತೀರಿಕೊಂಡವರಿಗೆ ಓರೆಗೆರೆ ಎಳೆಯಬೇಕು. ರಕ್ತಸಂಬಂಧದಲ್ಲೇ ಮದುವೆಯಾದ ದಂಪತಿಗಳ ನಡುವೆ ಜೋಡಿಗೆರೆ ಹಾಕಿ. ಎಲ್ಲ ಮುಗಿದ ಮೇಲೆ ಬಣ್ಣದ ಪೆನ್ಸಿಲ್‌ನಿಂದ ತಾಯಿಯ ಸಾಲನ್ನು ತಿದ್ದಿ: ರೋಗಿ, ರೋಗಿಯ ಒಡಹುಟ್ಟಿದವರು, ತಾಯಿ, ತಾಯಿಯ ಒಡಹುಟ್ಟಿದವರು, ತಾಯಿಯ ತಾಯಿ, ತಾಯಿಯ ಅಕ್ಕತಂಗಿಯರ ಮಕ್ಕಳು. ಸೋದರಮಾವ ಈ ಸಾಲಿಗೆ ಸೇರುತ್ತಾನೆ, ಅವನ ಮಕ್ಕಳು ಸೇರುವುದಿಲ್ಲ. ಬಹಳ ಜನ ತಪ್ಪುವುದು ಇಲ್ಲಿಯೇ.

ಇನ್ನು ವಿಚಾರಿಸುವ ಬಗೆ. ನನ್ನ ದೃಷ್ಟಿಯಲ್ಲಿ ಇಡೀ ಕೆಲಸದ ತಿರುಳು ಇದರಲ್ಲಿದೆ. 'ನಮ್ಮಲ್ಲಿ ಯಾರಿಗಾದರೂ ಈ ರೋಗ ಇತ್ತೇ?' ಎಂದು ಕೇಳಿದರೆ 'ಇಲ್ಲ' ಎಂಬ ಉತ್ತರವೇ ಬರುತ್ತದೆ, ಏಕೆಂದರೆ ಒಂದೇ ದೋಷ ಒಬ್ಬೊಬ್ಬರಲ್ಲಿ ಒಂದೊಂದು ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ಮೈಟೊಕಾಂಡ್ರಿಯಾ ಡಿಎನ್‌ಎಯ 3243ನೇ ಸ್ಥಾನದಲ್ಲಿ ಎ ಎಂಬ ಅಕ್ಷರ ಇರಬೇಕಾದಲ್ಲಿ ಜಿ ಎಂಬ ಅಕ್ಷರ ಬಂದಿದ್ದರೆ, ಅಜ್ಜಿಗೆ ಮಧುಮೇಹ ಮತ್ತು ಕಿವುಡುತನ ಮಾತ್ರ ಇದ್ದು, ಮೊಮ್ಮಗನಿಗೆ ಎಳೆಯ ವಯಸ್ಸಿನಲ್ಲೇ ಪಾರ್ಶ್ವವಾಯುವಿನಂಥ ಆಘಾತ ಆಗಬಹುದು. ಕೆಟ್ಟ ಡಿಎನ್‌ಎ ಮತ್ತು ಒಳ್ಳೆಯ ಡಿಎನ್‌ಎಗಳ ಪ್ರಮಾಣ ಮನುಷ್ಯರಿಂದ ಮನುಷ್ಯರಿಗೆ, ಅಂಗದಿಂದ ಅಂಗಕ್ಕೆ ಬೇರೆಯಾಗಿರುವುದೇ ಇದಕ್ಕೆ ಮುಖ್ಯ ಕಾರಣ. ಆದ್ದರಿಂದ ಬಿಡಿಬಿಡಿಯಾಗಿ ಕೇಳಿ: ಯಾವ ವಯಸ್ಸಿನಲ್ಲಿ ಕಿವಿ ಮಂದವಾಯಿತು, ಯಾವುದಾದರೂ ಆಂಟಿಬಯಾಟಿಕ್ ಚುಚ್ಚುಮದ್ದಿನ ನಂತರ ಹಾಗಾಯಿತೇ, ಮೆಟ್ಟಿಲು ಹತ್ತುವಾಗ ಕಾಲು ಸೋಲುತ್ತಿತ್ತೇ, ಅರೆತಲೆನೋವು ಬರುತ್ತಿತ್ತೇ, ಹೃದಯದ ಸ್ನಾಯು ದುರ್ಬಲವಾಗಿತ್ತೇ, ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡ ಮಕ್ಕಳಿದ್ದರೇ. ಹಳೆಯ ಫೋಟೋಗಳನ್ನು ವರ್ಷಗಳ ಕ್ರಮದಲ್ಲಿ ಜೋಡಿಸಿ ನೋಡುವುದೂ ಉಪಯುಕ್ತ. ರೆಪ್ಪೆಗಳು ವರ್ಷದಿಂದ ವರ್ಷಕ್ಕೆ ಜೋತು, ಅದನ್ನು ಸರಿದೂಗಿಸಲು ತಲೆಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ನಿಂತವರು ಅಲ್ಲಿ ಕಾಣಸಿಗಬಹುದು.

ಮಕ್ಕಳನ್ನು ಕಳೆದುಕೊಂಡವರನ್ನು ಈ ಪ್ರಶ್ನೆ ಕೇಳುವಾಗ ಏಕಾಂತದಲ್ಲಿ ಕುಳಿತು, ಅವಸರ ಮಾಡದೆ ಕೇಳಿ. 'ತಾಯಿಯಿಂದ ಬಂದದ್ದು' ಎಂಬ ಮಾತು ತಾಯಿಯ ಮೇಲಿನ ದೂರಾಗಬಾರದು. ಯಾರ ನಡತೆಯಿಂದಲೂ ಹುಟ್ಟಿದ ದೋಷವಲ್ಲ ಇದು.

ಬಣ್ಣದ ಸಾಲಿನಲ್ಲಿ ಏನೂ ಕಾಣದಿದ್ದರೆ ಶ್ರಮ ವ್ಯರ್ಥವಾಯಿತೆಂದು ತಿಳಿಯಬೇಡಿ. ತಂದೆತಾಯಿ ಆರೋಗ್ಯವಾಗಿದ್ದು ಒಡಹುಟ್ಟಿದ ಇಬ್ಬರಿಗೆ ಕಾಯಿಲೆ ಬಂದಿದ್ದರೆ ಕೋಶಕೇಂದ್ರದ ಜೀನ್‌ನ ಕಡೆಗೆ ಗಮನ ಹರಿಯುತ್ತದೆ; ಎಷ್ಟೋ ಸಲ ದೋಷವು ರೋಗಿಯಲ್ಲಿಯೇ ಹೊಸದಾಗಿ ಹುಟ್ಟಿರುವುದೂ ಉಂಟು.

ರಕ್ತದ ಲ್ಯಾಕ್ಟೇಟ್ (ಕೋಶಗಳ ಶಕ್ತಿ ತಯಾರಿಕೆ ಕುಂದಿದಾಗ ಹೆಚ್ಚಬಲ್ಲ ವಸ್ತು) ವರದಿಗಳಿದ್ದರೆ ಲಗತ್ತಿಸಿ, ರಕ್ತ ತೆಗೆಯುವಾಗ ಮಗು ಅಳುತ್ತಿತ್ತೇ, ತೋಳಿನ ಪಟ್ಟಿಯನ್ನು ಬಹಳ ಹೊತ್ತು ಬಿಗಿದಿದ್ದರೇ ಎಂಬುದನ್ನು ಪಕ್ಕದಲ್ಲೇ ಬರೆಯಿರಿ. ಎರಡೂ ಲ್ಯಾಕ್ಟೇಟ್ ಮಟ್ಟವನ್ನು ಏರಿಸಬಲ್ಲವು. ಸೇವಿಸುತ್ತಿರುವ ಔಷಧಿಗಳ ಪಟ್ಟಿಯೂ ಇರಲಿ. ಮೂರ್ಛೆರೋಗಕ್ಕೆ ಕೊಡುವ ವ್ಯಾಲ್‌ಪ್ರೊಯೇಟ್, ಪಿಒಎಲ್‌ಜಿ ಎಂಬ ಜೀನ್‌ನಲ್ಲಿ ದೋಷವಿರುವವರ ಯಕೃತ್ತಿಗೆ ಮಾರಕವಾಗಬಲ್ಲದು. ಹಾಗೆಂದು ಅದನ್ನು ನೀವಾಗಿಯೇ ನಿಲ್ಲಿಸದೆ, ಕೂಡಲೇ ವೈದ್ಯರ ಗಮನಕ್ಕೆ ತನ್ನಿ. ವಿವರ ಸಿಗದವರ ಗುರುತಿನ ಕೆಳಗೆ ಊಹೆಯನ್ನು ಬರೆಯದೆ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಹಾಳೆಯ ಮೂಲೆಯಲ್ಲಿ ತಾರೀಖು ನಮೂದಿಸಿ.