ಡಿಮೆನ್ಶಿಯಾ ಆರೈಕೆ ವಿಡಿಯೊ ಕರೆಯಲ್ಲಿ: ಒಂದಲ್ಲ, ಎರಡು ಕರೆ

ಮರೆವಿನ ಕಾಯಿಲೆ ಇರುವವರನ್ನು ತಿಂಗಳು ತಿಂಗಳೂ ದೊಡ್ಡಾಸ್ಪತ್ರೆಗೆ ಕರೆದೊಯ್ಯುವುದು ಸುಲಭವಲ್ಲ. ಬಸ್ಸು, ಸಾಲು, ಗುರುತಿಲ್ಲದ ಮುಖಗಳು. ಮನೆಗೆ ಬಂದ ಮೇಲೂ ಕೆರಳಿಕೆ ಇಳಿಯುವುದಿಲ್ಲ. ಮೊದಲ ಭೇಟಿಯ ನಂತರದ ಆರೈಕೆಯ ಬಹುಪಾಲು ಕೆಲಸ ಫೋನಿನಲ್ಲೇ ಆಗುತ್ತದೆ. ಅದಕ್ಕೆ ರೋಗಿಯ ಜೊತೆ ಒಂದು ಕರೆ, ನೋಡಿಕೊಳ್ಳುವವರ ಜೊತೆ ಪ್ರತ್ಯೇಕವಾಗಿ ಇನ್ನೊಂದು ಕರೆ ಬೇಕು. ‘ಅತ್ತೆ ನನ್ನನ್ನೇ ಕಳ್ಳಿ ಅಂತಾರೆ, ರಾತ್ರಿ ಹಾಸಿಗೆ ಒದ್ದೆ ಮಾಡ್ಕೋತಾರೆ’ ಎಂದು ಅತ್ತೆಯ ಎದುರಿಗೇ ಹೇಳಲು ಯಾವ ಸೊಸೆಗೂ ಬಾಯಿ ಬರುವುದಿಲ್ಲ.

ಮೊದಲ ಭೇಟಿ ನೇರವಾಗಿಯೇ ಇರಲಿ. ಥೈರಾಯ್ಡ್ ಕೊರತೆ, ಬಿ12 ಕೊರತೆ, ಖಿನ್ನತೆ, ಬಿದ್ದ ಪೆಟ್ಟಿನಿಂದ ತಲೆಯೊಳಗೆ ನಿಂತ ರಕ್ತ ಇವೆಲ್ಲ ಮರೆವಿನಂತೆಯೇ ಕಾಣಿಸುತ್ತವೆ, ಇವಕ್ಕೆ ಚಿಕಿತ್ಸೆಯೂ ಇದೆ. ರಕ್ತಪರೀಕ್ಷೆ, ಸ್ಕ್ಯಾನ್, ನರಗಳ ತಪಾಸಣೆ ಪರದೆಯ ಮೇಲೆ ಆಗುವುದಿಲ್ಲ. ರಾಜ್ಯ ಸರ್ಕಾರ ನಿಮ್ಹಾನ್ಸ್ ಜೊತೆ ಸೇರಿ ಜಿಲ್ಲೆಗಳಲ್ಲಿ ನಡೆಸುವ ಬ್ರೈನ್ ಹೆಲ್ತ್ ಕ್ಲಿನಿಕ್‌ಗಳಲ್ಲಿ ಇದನ್ನು ಶುರು ಮಾಡಬಹುದು.

ತಂಡ ಕಟ್ಟುವುದು. ನರರೋಗ ಅಥವಾ ಮನೋರೋಗ ತಜ್ಞರು, ನರ್ಸ್, ಮನಶ್ಶಾಸ್ತ್ರಜ್ಞರು, ಸ್ನಾನ-ಊಟದ ಅಭ್ಯಾಸಗಳನ್ನು ಹೊಂದಿಸಿಕೊಡುವ ಆಕ್ಯುಪೇಷನಲ್ ಥೆರಪಿಸ್ಟ್, ಸಮಾಜ ಕಾರ್ಯಕರ್ತರು ಇದ್ದರೆ ತಂಡ ಪೂರ್ತಿ. ನುಂಗುವಾಗ ಕೆಮ್ಮು ಬರುತ್ತಿದ್ದರೆ ಸ್ಪೀಚ್ ಥೆರಪಿಸ್ಟ್ ಕೂಡ ಬೇಕು. ತಂಡದಲ್ಲಿ ಒಬ್ಬರು, ಸಾಮಾನ್ಯವಾಗಿ ನರ್ಸ್, ನಿಮ್ಮ ಮನೆಯ ಸಂಪರ್ಕಕ್ಕೆಂದೇ ಇರಬೇಕು. ಇಲ್ಲದಿದ್ದರೆ ಐದು ಮಂದಿ ಐದು ಸಲಹೆ ಕೊಡುತ್ತಾರೆ, ಯಾವುದೂ ನಡೆಯುವುದಿಲ್ಲ. ಸ್ಮಾರ್ಟ್‌ಫೋನ್ ಇಲ್ಲದ ಹಳ್ಳಿಮನೆಯವರು ಹತ್ತಿರದ ಆಯುಷ್ಮಾನ್ ಆರೋಗ್ಯ ಮಂದಿರಕ್ಕೆ ಹೋದರೆ ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ಸರ್ಕಾರದ ವಿಡಿಯೊ ವೈದ್ಯ ಸೇವೆಯಾದ ಇ-ಸಂಜೀವಿನಿ ಮೂಲಕ ವೈದ್ಯರನ್ನು ಸಂಪರ್ಕಿಸಿಕೊಡುತ್ತಾರೆ.

ರೋಗಿಯ ಪರವಾಗಿ ಮನೆಯವರು ಮಾತಾಡಬಹುದೇ ಎಂಬ ಅನುಮಾನ ಬೇಡ. 2020ರ ಮಾರ್ಚ್‌ನಲ್ಲಿ ಬಂದ ಟೆಲಿಮೆಡಿಸಿನ್ (ಫೋನ್, ವಿಡಿಯೊ ಮೂಲಕ ಚಿಕಿತ್ಸೆ) ಮಾರ್ಗಸೂಚಿ ಡಿಮೆನ್ಶಿಯಾದ ಹೆಸರೆತ್ತಿಯೇ ಅದಕ್ಕೆ ಅವಕಾಶ ಕೊಟ್ಟಿದೆ. ಸಂಬಂಧ ತೋರಿಸುವ ದಾಖಲೆ ಕೈಯಲ್ಲಿರಲಿ. ಕೆಲವು ಬಗೆಯ ಮಾತ್ರೆಗಳನ್ನು ಮಾತ್ರ ಈ ದಾರಿಯಲ್ಲಿ ಬರೆಯುವಂತಿಲ್ಲ, ಅದಕ್ಕೆ ವೈದ್ಯರೊಂದಿಗೆ ವಾದ ಬೇಡ.

ಕರೆಯ ಹಿಂದಿನ ದಿನವೇ ತಂಡಕ್ಕೆ ಕಳಿಸಬೇಕಾದ್ದು. ಮನೆಯಲ್ಲಿರುವ ಎಲ್ಲ ಔಷಧಿಗಳನ್ನೂ ಮೇಜಿನ ಮೇಲೆ ಹರಡಿ, ಹೆಸರು ಓದುವಂತೆ ಫೋಟೊ ತೆಗೆಯಿರಿ. ಕಷಾಯ, ನೆಗಡಿ ಮಾತ್ರೆ, ಕೆಮ್ಮಿನ ಸಿರಪ್ಪನ್ನು ಬಿಡಬೇಡಿ. ಅಲರ್ಜಿಗೆಂದು ಅಂಗಡಿಯಿಂದ ತಂದ, ನಿದ್ದೆ ಬರಿಸುವ ಹಳೆಯ ಮಾತ್ರೆಗಳೇ ಎಷ್ಟೋ ಬಾರಿ ಗೊಂದಲ ಹೆಚ್ಚಿಸುತ್ತವೆ. ಬಿಪಿಯನ್ನು ಕುಳಿತಾಗ ಒಮ್ಮೆ, ಎದ್ದು ನಿಂತು ಒಂದು ಮತ್ತು ಮೂರು ನಿಮಿಷಕ್ಕೆ ಮತ್ತೆ ನೋಡಿ ಬರೆಯಿರಿ. ಜೊತೆಗೆ ನಾಡಿಬಡಿತ, ತೂಕ. ಕುರ್ಚಿಯಿಂದ ಎದ್ದು ಮೂರು ಮೀಟರ್ ನಡೆದು, ತಿರುಗಿ ಬಂದು ಕೂರುವ ವಿಡಿಯೊ ಒಂದಿರಲಿ, ನೆಟ್‌ವರ್ಕ್ ಕೈಕೊಟ್ಟರೂ ಅದು ವೈದ್ಯರ ಬಳಿ ಉಳಿಯುತ್ತದೆ. ರೇಗಾಟ, ಅಲೆದಾಟ ಇದ್ದರೆ ಒಂದು ವಾರ ಡೈರಿ ಬರೆಯಿರಿ: ಎಷ್ಟು ಹೊತ್ತಿಗೆ, ಅದಕ್ಕೆ ಮುಂಚೆ ಏನಾಯಿತು, ನೀವು ಏನು ಮಾಡಿದಿರಿ, ಆಮೇಲೆ ಏನಾಯಿತು. ‘ಸುಮ್ಮನೆ ಕೂಗಾಡ್ತಾರೆ’ ಎನ್ನುವ ದೂರಿಗೆ ಮಲಬದ್ಧತೆಯೋ, ಮಂಡಿನೋವೋ, ತಣ್ಣೀರಿನ ಸ್ನಾನವೋ ಕಾರಣವೆಂದು ಹೊರಬೀಳುವುದು ಇಂಥ ಡೈರಿಯಿಂದಲೇ.

ರೋಗಿಯ ಕರೆ. ತಿಂಡಿ ಆದ ಮೇಲೆ, ಬೆಳಿಗ್ಗೆ ಹತ್ತು-ಹನ್ನೊಂದರ ಹೊತ್ತು ಸರಿ. ಸಂಜೆಗೆ ಗೊಂದಲ ಹೆಚ್ಚು. ಇಪ್ಪತ್ತು ನಿಮಿಷ ಸಾಕು. ಕನ್ನಡಕ, ಕಿವಿಯ ಯಂತ್ರ ಹಾಕಿಸಿ, ಟಿವಿ ಆರಿಸಿ. ಫೋನನ್ನು ಕಣ್ಣಿನ ಮಟ್ಟಕ್ಕೆ ಒರಗಿಸಿ, ಬೆಳಕು ಮುಖದ ಮೇಲೆ ಬೀಳಲಿ. ಪರದೆಯಲ್ಲಿ ತಮ್ಮದೇ ಮುಖ ಕಂಡು ‘ಇವರ್ಯಾರು?’ ಎಂದು ಹೆದರುವವರಿದ್ದಾರೆ. ಆ್ಯಪ್‌ನಲ್ಲಿ ಅದನ್ನು ಮರೆಮಾಡಿ, ಆಗದಿದ್ದರೆ ಚೀಟಿ ಅಂಟಿಸಿ. ಮನೆಮಾತು ತುಳುವೋ ಉರ್ದುವೋ, ಓದಿದ್ದು ಎಷ್ಟನೇ ಕ್ಲಾಸು ಎಂದು ಮೊದಲೇ ತಿಳಿಸಿ. ನೆನಪಿನ ಪರೀಕ್ಷೆಯ ಅಂಕಗಳು ಎರಡನ್ನೂ ಅವಲಂಬಿಸುತ್ತವೆ. ಈ ಪರೀಕ್ಷೆ ಕೆಡುವುದು ಪ್ರೀತಿಯಿಂದಲೇ: ‘ಅಪ್ಪಾ, ಇವತ್ತು ಸೋಮವಾರ ಅಲ್ವಾ?’ ಎಂದು ಮನೆಯವರು ಪಕ್ಕದಿಂದ ಪಿಸುಗುಡುತ್ತಾರೆ. ಎದುರಿನ ಗೋಡೆಯ ಕ್ಯಾಲೆಂಡರನ್ನೂ ತೆಗೆದಿಡಿ. ಕೊನೆಗೆ ಫೋನ್ ಹಿಡಿದು ಬಚ್ಚಲು, ಮೆಟ್ಟಿಲು, ಗ್ಯಾಸ್ ಒಲೆ ತೋರಿಸಿ. ಆಸ್ಪತ್ರೆಯ ಕೋಣೆಯಲ್ಲಿ ಕೂತು ಥೆರಪಿಸ್ಟ್‌ಗೆ ಇದೆಲ್ಲ ಕಾಣುವುದು ಹೇಗೆ?

ನೋಡಿಕೊಳ್ಳುವವರ ಕರೆ. ರೋಗಿ ಮಲಗಿದ್ದಾಗ, ಬೇರೆ ಕೋಣೆಯಿಂದ ಅಥವಾ ಮಹಡಿಯಿಂದ ಮಾಡಿ. ನಿಮ್ಮ ನಿದ್ದೆ, ಬೆನ್ನುನೋವು, ಸಿಟ್ಟು, ದುಡ್ಡಿನ ಚಿಂತೆ ಎಲ್ಲವೂ ಇಲ್ಲಿ ಹೇಳುವ ವಿಷಯವೇ. ಅಮೆರಿಕದಲ್ಲಿರುವ ಮಗಳೂ ಸೇರಬಹುದು. ನಮ್ಮ ಬೆಳಿಗ್ಗೆ ಒಂಬತ್ತಕ್ಕೆ ನ್ಯೂಯಾರ್ಕ್‌ನಲ್ಲಿ ಹಿಂದಿನ ರಾತ್ರಿ ಹತ್ತೂವರೆ, ಬೇಸಿಗೆಯಲ್ಲಿ ಹನ್ನೊಂದೂವರೆ. ಆದರೆ ದಿನದ ಆರೈಕೆ ಯಾರ ಕೈಯಲ್ಲಿದೆಯೋ ಅವರೇ ಮೊದಲು ಮಾತಾಡಲಿ. ದೂರದವರು ಪ್ರಶ್ನೆ ಕೇಳುವುದರಲ್ಲೇ ಸಮಯವೆಲ್ಲ ಹೋಗುವುದುಂಟು. ಮನಸ್ಸು ತೀರಾ ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ.

ಕರೆ ಮುಗಿದ ದಿನವೇ ಯಾರು ಏನು ಮಾಡಬೇಕು, ಯಾವಾಗ ಎಂಬ ಒಂದು ಪುಟದ ಯೋಜನೆಯನ್ನು ನರ್ಸ್‌ರಿಂದ ಕೇಳಿ ಪಡೆಯಿರಿ. ಮರೆವಿನ ಕಾಯಿಲೆಗೆ ಕೊಡುವ ಡೊನೆಪೆಜಿಲ್ ಮಾತ್ರೆ ಶುರುವಾಗಿದ್ದರೆ ಎರಡು ವಾರದೊಳಗೆ ಭೇದಿ, ವಾಕರಿಕೆ, ನಾಡಿಬಡಿತ ವರದಿ ಮಾಡಿ. ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ 10ಕ್ಕೆ ಏರಿಸುವ ಮಾತು ನಾಲ್ಕರಿಂದ ಆರು ವಾರದ ನಂತರವೇ. ತಲೆಸುತ್ತು ಬಂದರೆ, ನಾಡಿ ನಿಧಾನವಾದರೆ ಕಾಯದೆ ಅಂದೇ ತಿಳಿಸಿ.

ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಗೊಂದಲ ಏರಿದರೆ ವಿಡಿಯೊ ಕರೆಗೆ ಕಾಯಬೇಡಿ. ಅದು ಮರೆವಿನ ಕಾಯಿಲೆ ಮುಂದುವರಿದದ್ದಲ್ಲ, ಹೆಚ್ಚಾಗಿ ಮೂತ್ರದ ಸೋಂಕೋ, ನ್ಯುಮೋನಿಯಾವೋ, ಸೋಡಿಯಂ ಇಳಿದದ್ದೋ ಆಗಿರುತ್ತದೆ. ಜ್ವರ, ತಲೆಗೆ ಪೆಟ್ಟು, ಬಾಯಿ ಸೊಟ್ಟಗಾಗುವುದು, ಮೂತ್ರ ಕಟ್ಟಿಕೊಳ್ಳುವುದು ಕಂಡರೂ ನೇರ ಆಸ್ಪತ್ರೆಗೆ, ಆ್ಯಂಬುಲೆನ್ಸ್‌ಗೆ 108.